ಹೊಸ ಲ್ಯಾಪ್‌ಟಾಪಿನಲ್ಲಿ ಹಳೆಯ ದನಿ

ನನಗೆ ಕಣ್ಣು ಕಾಣುವುದಿಲ್ಲ. ನನ್ನ ಮೂಗಿನ ತುದಿಯ ಕೋಪ ಮಾತ್ರ ಊರಿಗೆಲ್ಲ ಕಾಣುತ್ತದೆ. ಬಾಳಗಡಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಪಾಠದ ಟಿಪ್ಪಣಿಗಳನ್ನು ಓದಿ ಹೇಳುವುದು ಕಂಪ್ಯೂಟರಿನ ಒಂದು ಹಳೆಯ ಕನ್ನಡ ಸಾಫ್ಟ್‌ವೇರ್. ಅದರದ್ದು ಗಂಡಸಿನ ದನಿ, ಶೀತವಾದವನ ಹಾಗೆ ಗೊಗ್ಗರು. ನಾನು ಓಡಿಸುವ ವೇಗಕ್ಕೆ ಬೇರೆಯವರಿಗೆ ಒಂದು ಪದವೂ ತಿಳಿಯುವುದಿಲ್ಲ. ಅದು ಬರುವ ಮೊದಲು ಸಂಜೆ ಹೊತ್ತು ಹೆಂಡತಿಯೇ ಪಕ್ಕದಲ್ಲಿ ಕೂತು ಓದುತ್ತಿದ್ದಳು. ಗದ್ದೆ, ಅಡುಗೆ ಎಲ್ಲ ಮುಗಿಸಿ ಬಂದವಳು ಓದುತ್ತ ಓದುತ್ತ ಆಕಳಿಸಿದರೆ ನನಗೆ ಜೀವ ಹಿಂಡಿದ ಹಾಗಾಗುತ್ತಿತ್ತು.

ಈ ಮಳೆಗಾಲದಲ್ಲಿ ಹಳೆಯ ಲ್ಯಾಪ್‌ಟಾಪ್ ಕೈಕೊಟ್ಟಿತು. ಕರೆಂಟು ಹೋದರೂ ದಿನವಿಡೀ ನಡೆಯುತ್ತದೆಂದು ನರಸಿಂಹರಾಜಪುರದ ಅಂಗಡಿಯಲ್ಲಿ ಹೊಸದನ್ನು ಆರಿಸಿಕೊಂಡೆ. ಹಳೆಯ ಸಾಫ್ಟ್‌ವೇರನ್ನೂ ನನ್ನ ಟಿಪ್ಪಣಿಗಳನ್ನೂ ಅದಕ್ಕೆ ಹಾಕಿಕೊಡುತ್ತ ಅಂಗಡಿಯವರು ಹೇಳಿದರು:

"ಸರ್, ಇದರ ಪ್ರೊಸೆಸರ್ ಬೇರೆ ತರದ್ದು, ಫೋನಲ್ಲಿ ಇರ್ತದಲ್ಲ, ಹಾಗೆ. ನಿಮ್ಮ ಹಳೇ ಸಾಫ್ಟ್‌ವೇರಿಗೆ ಇದರ ಭಾಷೆ ಬರೂದಿಲ್ಲ. ಆಪರೇಟಿಂಗ್ ಸಿಸ್ಟಮ್ ನಡುವೆ ಕೂತು ಅನುವಾದ ಮಾಡಿ ಓಡಿಸ್ತದೆ. ಮೊದಲ ಸಲ ನಿಧಾನ. ಆಮೇಲೆ, ಮಾಡಿದ ಅನುವಾದ ಇಟ್ಕೊಂಡು ಬೇಗ ಓಡ್ತದೆ. ಆದ್ರೆ ಎಲ್ಲಾದಕ್ಕೂ ಆಗ್ತದೆ ಅಂತ ಹೇಳೂಕಾಗ್ದು."

ಭಂಡಿಗಡಿಯ ಮನೆಗೆ ಬಂದು ಸಾಫ್ಟ್‌ವೇರ್ ತೆರೆದೆ. ಮಾತಿಲ್ಲ. ಮುಚ್ಚಿ ತೆರೆದೆ. ಆಗಲೂ ಇಲ್ಲ. ಮರುದಿನ ಬೆಳಿಗ್ಗೆ ಪಾಠವಿತ್ತು. ಬೇರೆ ಕನ್ನಡ ದನಿಗಳಿವೆ, ಆದರೆ ನನಗೆ ಸಿಕ್ಕಿದ್ದಕ್ಕೆಲ್ಲ ನೆಟ್ ಬೇಕು. ನಮ್ಮಲ್ಲಿ ನೆಟ್ಟಿಗೆ ಮನಸ್ಸು ಬಂದರೆ ಬರುತ್ತದೆ. ಇನ್ನು ಮತ್ತೆ ಹೆಂಡತಿಯ ಕಣ್ಣನ್ನೇ ಕೇಳಬೇಕಲ್ಲ! ಆ ಸಂಕಟವೆಲ್ಲ ಸಿಟ್ಟಾಗಿ ಹೊರಗೆ ಬಂತು. ಅಂಗಡಿಯವರ ಮಾತನ್ನೆಲ್ಲ ಅವಳ ಮುಂದೆ ಒದರಿ, ಮತ್ತೆ ಮುಚ್ಚಿ ತೆರೆದೆ.

ಅವಳು ನನ್ನ ಕೈ ಹಿಡಿದು ಕೀಲಿಮಣೆಯಿಂದ ಎತ್ತಿದಳು.

"ಅಲ್ಲ ಮಾರಾಯ್ರೇ, ಮನೆಗೆ ಬಂದವ್ರಿಗೆ ಬೆಲ್ಲ ನೀರು ಕೊಡೂಕೆ ಮೊದ್ಲೇ ಬಂದ ಕೆಲಸ ಎಂತ ಅಂತ ಕೇಳ್ತಾರಾ? ಅದು ಭಾಷೆ ಬರದ ಮನೆಗೆ ಬಂದದ್ದು. ಸ್ವಲ್ಪ ಸುಧಾರಿಸಿಕೊಳ್ಳಲಿ ಬಿಡಿ."

ನಮ್ಮ ಕಡೆ ಯಾರೂ ಹಾಗೆ ಕೇಳುವುದಿಲ್ಲ. ಗುರುತಿಲ್ಲದವರು ಬಂದರೂ ಮೊದಲು ಬೆಲ್ಲ, ನೀರು. ಅವರು ಉಸಿರು ಬಿಟ್ಟು ಕೂತ ಮೇಲೆ ಮಾತು. ನಾನೋ, ಪ್ರತಿ ಸಲವೂ ಅನುವಾದ ಅರ್ಧದಲ್ಲಿರುವಾಗಲೇ ಬಾಗಿಲು ಹಾಕುತ್ತಿದ್ದೆ! ಅವಳು ಕೈಗಿಟ್ಟ ಕಾಫಿ ಲೋಟವನ್ನು ಹಿಡಿದುಕೊಂಡು ತೆಪ್ಪಗೆ ಕೂತೆ.

ಕಾಫಿ ತಳ ಕಾಣುವ ಮೊದಲೇ ಆ ಗೊಗ್ಗರು ದನಿ "ಅಧ್ಯಾಯ ಒಂದು" ಎಂದಿತು. ನನ್ನ ಕಣ್ಣಲ್ಲಿ ನೀರು ಬಂತು. ಕಾಣದ ಕಣ್ಣಿಗೂ ಆ ಒಂದು ಕೆಲಸ ಗೊತ್ತಿದೆ.

ಹೊಸದಾಗಿ ಹಾಕಿದ್ದರಿಂದ ನಾನಿಟ್ಟ ವೇಗ ಹೋಗಿ ಅದು ಎಲ್ಲರಿಗೂ ತಿಳಿಯುವಷ್ಟು ನಿಧಾನವಾಗಿ ಓದುತ್ತಿತ್ತು. ವೇಗ ಹೆಚ್ಚಿಸಲು ಕೈ ಚಾಚಿದೆ. ಪಕ್ಕದಲ್ಲಿ ಕುರ್ಚಿ ಎಳೆದ ಸದ್ದಾಯಿತು.

"ಹಾಗೇ ಇರ್ಲಿ," ಎಂದಳು. "ನಾನು ಓದೂದು ನಿಂತ ಮೇಲೆ ನೀವು ಎಂತ ಪಾಠ ಮಾಡ್ತೀರಿ ಅಂತ್ಲೇ ನಂಗೆ ಗೊತ್ತಿಲ್ಲ."

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.

ಈಗ ಸಾಫ್ಟ್‌ವೇರ್ ತೆರೆದ ಕೂಡಲೇ ಮಾತಾಡುತ್ತದೆ. ಕಾಲೇಜಿನಲ್ಲಿ ಎಂದಿನ ವೇಗದಲ್ಲೇ ಓಡಿಸುತ್ತೇನೆ. ಸಂಜೆ ಮಾತ್ರ ನಿಧಾನ, ನಮ್ಮಿಬ್ಬರಿಗೂ. ಕೇಳುತ್ತ ಕೇಳುತ್ತ ಅವಳು ಆಕಳಿಸುತ್ತಾಳೆ, ನನಗೆ ಸಂತೋಷವಾಗುತ್ತದೆ.