ನೆಲಗುಬ್ಬಿ ಮಲಗುವ ಬಯಲು

ನೆಲಗುಬ್ಬಿ ಹಗಲೆಲ್ಲ ಸಿಳ್ಳೆ ಹಾಕುತ್ತ ಆಕಾಶಕ್ಕೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಕತ್ತಲಾದ ಮೇಲೆ ಮಾತ್ರ ಅದಕ್ಕೆ ಮರವೂ ಬೇಡ, ಪೊದೆಯೂ ಬೇಡ. ಬರಿನೆಲದಲ್ಲಿ, ಕುರಿಯ ಗೊರಸು ಮೂಡಿದ ಗುಳಿಯೊಳಗೆ ಮೈಯಿಳಿಸಿ ಮಲಗಿಬಿಡುತ್ತದೆ. ಮೈ ಮಣ್ಣಿನದೇ ಬಣ್ಣ. ಗೊತ್ತಿಲ್ಲದವರು ತುಳಿದುಕೊಂಡೇ ಹೋದಾರು. ನನಗೆ ಗೊತ್ತು. ಆದರೆ ಅದು ಹೇಳಿಕೊಳ್ಳುವಂಥ ವಿದ್ಯೆಯಲ್ಲ.

ನನ್ನ ಮಗಳಿಗೆ ನಾಲ್ಕು ತುಂಬಿದರೂ ಬಾಯಿ ಬಂದಿರಲಿಲ್ಲ. ಆಗ ಹೊಸಪೇಟೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದೆ. ಅಳತೆ ಕೊಡಲು ಬಂದವರೆಲ್ಲ ಒಂದೊಂದು ಮದ್ದು ಹೇಳಿ ಹೋಗುವವರೇ. ಅವರಲ್ಲೊಬ್ಬಳು, "ನೆಲಗುಬ್ಬಿ ತಿನ್ಸಿ ನೋಡ್ರಿ ಅಕ್ಕಾ. ಭಾಳ ಹಾಡ್ತೈತಿ ಅದು. ನಾಲಿಗಿ ತಾನ ತಿರುಗ್ತೈತಿ" ಅಂದಳು. ನಕ್ಕು ಕಳಿಸಿದೆ. ಮೂರನೇ ದಿನ ಮಗಳನ್ನು ಎತ್ತಿಕೊಂಡು ಮರಿಯಮ್ಮನಹಳ್ಳಿಯ ಬಸ್ಸು ಹತ್ತಿದೆ.

ಅಲ್ಲಿದ್ದ ನನ್ನಪ್ಪ ವಯಸ್ಸಿನಲ್ಲಿ ದೀಪ ಹಿಡಿದು ಹಕ್ಕಿ ಹಿಡಿಯುತ್ತಿದ್ದವನು. ಬಿಟ್ಟು ಎಷ್ಟೋ ವರ್ಷವಾಗಿತ್ತು. ಮೊಮ್ಮಗಳ ಸಲುವಾಗಿ ಅಂದಾಗ ಎದ್ದು, ಗೂಟಕ್ಕೆ ನೇತುಹಾಕಿದ್ದ ಎತ್ತಿನ ಕೊರಳಗಂಟೆ ತೆಗೆದುಕೊಂಡ.

"ಗಂಟಿ ಯಾಕಪ್ಪಾ?"

"ನಮ್ಮ ಹೆಜ್ಜಿ ಸಪ್ಪಳ ಕೇಳಿದ್ರ ಹಾರಿ ಹೋಗ್ತಾವ. ಗಂಟಿ ಕೇಳಿದ್ರ ದನ ಮೇಯಾಕತ್ತಾವ ಅಂತ ಸುಮ್ನ ಇರ್ತಾವ."

ಆ ರಾತ್ರಿ ಬಯಲಿಗೆ ಹೋದಾಗ ಮಗಳು ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಅಪ್ಪ ನನಗೆ ಒತ್ತಿಕೊಂಡೇ ನಡೆಯುತ್ತಿದ್ದ; ಒಂದು ಕೈಯಲ್ಲಿ ಬ್ಯಾಟರಿ, ಒಂದು ಕೈಯಲ್ಲಿ ಗಂಟೆ. ಆ ಗಂಟೆ ಮಗಳ ಕಿವಿಗೆ ಒಂದು ಗೇಣು ದೂರದಲ್ಲಿತ್ತು. ಒಂದು ತಾಸು ಬಾರಿಸಿದ. ನನಗೇ ತಲೆ ಚಿಟ್ಟು ಹಿಡಿಯಿತು. ಅವಳು ಮಿಸುಕಲಿಲ್ಲ. "ಎಂಥ ಶಾಣ್ಯಾ ಕೂಸವ್ವಾ" ಅಂದ ಅಪ್ಪ. ನಾನೂ ಹೆಮ್ಮೆಯಿಂದ ಅವಳ ಬೆನ್ನು ಸವರಿದೆ.

ಹಕ್ಕಿ ಸಿಕ್ಕಿತು. ಬೆಳಕಿಗೆ ಕಣ್ಣು ಪಿಳಿಪಿಳಿ ಬಿಡುತ್ತ ಕೂತಿತ್ತು, ಅಪ್ಪ ಅಂಗೈ ಮುಚ್ಚಿದ. ಮರುದಿನ ಅವಳಿಗೆ ಅನ್ನದಲ್ಲಿ ಕಲಸಿ ಉಣ್ಣಿಸಿದೆ. ಇಂದು ಮಾತಾಡುತ್ತಾಳೆ, ನಾಳೆ ಮಾತಾಡುತ್ತಾಳೆ ಎಂದು ಎರಡು ವರ್ಷ ಕಾದೆ.

ಕೊನೆಗೆ ಶಾಲೆಯವರು ಹೇಳಿದ ಮೇಲೆ ಕಿವಿ ಡಾಕ್ಟರ ಬಳಿ ಕರೆದೊಯ್ದೆ. ಇವಳಿಗೆ ಕಿವಿ ಕೇಳಿಸುವುದಿಲ್ಲ ಅಂದರು. ಇಲ್ಲರೀ, ನಾನು ಮಿಷನ್ ತುಳಿದರೆ ತಿರುಗಿ ನೋಡ್ತಾಳೆ ಎಂದು ವಾದಿಸಿದೆ. "ನೆಲ ಅದುರ್ತದಲ್ಲಮ್ಮಾ" ಅಂದರು ಡಾಕ್ಟರು. ಆಮೇಲೆ ಕೇಳಿದರು, "ದೊಡ್ಡ ಸದ್ದಾದ್ರೂ ಎಚ್ಚರ ಆಗದೆ ಮಲಗಿದ್ದು ಯಾವಾಗಾದ್ರೂ ಉಂಟಾ?"

"ಇಲ್ರಿ" ಅಂದೆ.

ಹಸಿ ಸುಳ್ಳು. ಎರಡು ವರ್ಷ ಮೊದಲೇ ತಂದಿದ್ದರೆ ಮಾತು ಕಲಿಸುವುದು ಸುಲಭವಿತ್ತು ಎಂದು ಅವರು ಹೇಳುತ್ತಿದ್ದಾಗ ನನ್ನ ತಲೆಯೊಳಗೆ ಆ ಗಂಟೆ ಶುರುವಾಯಿತು. ಇವತ್ತಿಗೂ ನಿಂತಿಲ್ಲ. ಮಿಷನ್ ನಿಲ್ಲಿಸಿದರೆ ಸಾಕು, ಕೇಳುತ್ತದೆ.

ಮಗಳು ಈಗ ಡಿಗ್ರಿ ಓದುತ್ತಿದ್ದಾಳೆ. ಕೈಸನ್ನೆಯಲ್ಲಿ ಅವಳ ಬಾಯಿ ನನಗಿಂತ ಜೋರು. ನನಗೆ ಕಲಿಸಿದವಳೂ ಅವಳೇ. ಈ ಚಳಿಗಾಲದಲ್ಲಿ ಹಕ್ಕಿ ನೋಡುವ ಗೆಳತಿಯರನ್ನು ಕಟ್ಟಿಕೊಂಡಳು. ನೆಲಗುಬ್ಬಿ ರಾತ್ರಿ ಎಲ್ಲಿರುತ್ತೆ, ಯಾರಿಗೂ ಗೊತ್ತಿಲ್ಲ ಅಂದಳು. ನನಗೆ ಗೊತ್ತು ಎಂದು ಕೈ ಆಡಿಸಿಬಿಟ್ಟೆ.

ಅಪ್ಪ ಈಗಿಲ್ಲ. ಬಯಲು ಇದೆ, ಅರ್ಧಕ್ಕೆ ಸೈಟಿನ ಕಲ್ಲು ನೆಟ್ಟಿದ್ದಾರೆ. ರಾತ್ರಿ ಇಬ್ಬರೇ ಹೋದೆವು. ಬರಿಗಾಲಲ್ಲಿ ನಡೆದೆ. ಕಲ್ಲುಗಳ ಎರಡನೇ ಸಾಲಿನಲ್ಲೇ ಹಕ್ಕಿ ಸಿಕ್ಕಿತು. ಗರಿ ಉಬ್ಬಿಸಿಕೊಂಡು, ಎದೆ ಮಾತ್ರ ಆಡುತ್ತ ಗುಳಿಯಲ್ಲಿ ಕೂತಿತ್ತು. ಮಗಳು ಖುಷಿಗೆ ನನ್ನ ತೋಳು ಹಿಂಡಿದಳು. ನಿನಗೆ ಹೇಗೆ ಗೊತ್ತು ಎಂದು ಕೇಳಿ, ನನ್ನ ಉತ್ತರ ಕಾಣಲೆಂದು ಬ್ಯಾಟರಿಯನ್ನು ನನ್ನ ಕೈಗಳ ಮೇಲೆ ಬಿಟ್ಟಳು.

ಅಪ್ಪ ಕಲಿಸಿದ ಎಂದು ಮುಗಿಸಬಹುದಿತ್ತು. ಕೈ ನಿಲ್ಲಲಿಲ್ಲ. ಹಕ್ಕಿ ತಿನ್ನಿಸಿದ್ದು ಹೇಳಿದೆ. ಗಂಟೆ ಹೇಳಿದೆ. ಅವಳ ಕಿವಿ ಮುಟ್ಟಿ, ಇಷ್ಟೇ ದೂರ ಎಂದು ತೋರಿಸಿದೆ. ನೀನು ಏಳಲಿಲ್ಲ, ನನಗೆ ತಿಳಿಯಲಿಲ್ಲ, ಡಾಕ್ಟರ ಮುಂದೆ ಸುಳ್ಳು ಹೇಳಿದೆ. ಅವಳ ಮುಖ ಬೆಳಕಿನ ಆಚೆಗಿತ್ತು, ಕಾಣಲಿಲ್ಲ.

ಅವಳು ಬ್ಯಾಟರಿ ಆರಿಸಿದಳು.

ಸಿಟ್ಟಿಗೋ, ಹಕ್ಕಿ ಮಲಗಲಿ ಎಂದೋ ಗೊತ್ತಾಗಲಿಲ್ಲ. ಕೈ ಚಾಚಿದೆ, ಸಿಗಲಿಲ್ಲ. ಹೆದರಿಕೆಯಾಯಿತು. ಆ ಕತ್ತಲಲ್ಲಿ ನಿಂತು ನಾನು, ಅವಳ ಹೆತ್ತ ತಾಯಿ, ಅವಳನ್ನು ಹೆಸರು ಹಿಡಿದು ಕೂಗಿದೆ. ಬರಲಿಲ್ಲವೆಂದು ಇನ್ನೂ ಜೋರಾಗಿ ಕೂಗಿದೆ.