ಗಡಿಯಾಚೆಗೆ ಕಾಣುವ ಮೂರು ಜಿಗಿತ

ಆಗಷ್ಟೇ ಬೆಳಕು ಹರಿಯುತ್ತಿದೆ. ಗುಡ್ಡದ ಬುಡದ ಕಾಂಕ್ರೀಟು ಕೊಠಡಿಯ ಪಕ್ಕ ಐವತ್ತು ದಾಟಿದ ಹೆಂಗಸೊಬ್ಬರು ಚಪ್ಪಲಿ ಬಿಟ್ಟು, ಸ್ವೆಟರಿನ ತೋಳು ಮೇಲೇರಿಸಿ, ನಿಂತಲ್ಲೇ ಜಿಗಿಯುತ್ತಾರೆ. ಧಡ್. ಮತ್ತೊಮ್ಮೆ ಧಡ್. ಮೂರನೆಯದಕ್ಕೆ ನನಗೆ ನಗು ತಡೆಯುವುದಿಲ್ಲ.

"ನಗಿ ನಗಿ," ಎನ್ನುತ್ತಾರೆ ಏದುಸಿರು ಬಿಡುತ್ತಲೇ. "ನೀವು ನಕ್ಕಿದ್ದು ಆ ಗೇಟಿನವರೆಗೂ ಕೇಳ್ಸಲ್ಲ. ನಾನು ಹಾರಿದ್ದು ಬೇರೆ ದೇಶಕ್ಕೇ ಕಾಣ್ಸುತ್ತೆ."

ಬಡಾಯಿಯಲ್ಲ, ನಿಜ. ಕೊಠಡಿಯ ಕೆಳಗಿನ ಗುಂಡಿಯಲ್ಲಿ, ಬಂಡೆಯ ಮೇಲೆ, ನೆಲದ ನಡುಕ ಅಳೆಯುವ ಯಂತ್ರವಿದೆ. ಗಡಿಯಾಚೆಯ ದೇಶದಲ್ಲೂ ಇಂಥದೇ ಒಂದು ಗುಂಡಿ, ಇಂಥದೇ ಒಂದು ಯಂತ್ರ. ಎರಡೂ ಎಳೆಯುವ ಗೆರೆಗಳು ಉಪಗ್ರಹದ ಮೂಲಕ ಎರಡೂ ಕಡೆಯ ಪರದೆಗಳಿಗೆ ಹೋಗುತ್ತವೆ. ಭೂಕಂಪ ಎಲ್ಲಾಯಿತೆಂದು ಬೇಗ ತಿಳಿಯಲಿ, ಯಾರಾದರೂ ನೆಲದಡಿ ಕದ್ದು ಅಣುಬಾಂಬ್ ಸಿಡಿಸಿದರೆ ಗುಟ್ಟು ರಟ್ಟಾಗಲಿ ಎಂದು ಎರಡು ಸರ್ಕಾರಗಳು ಮಾಡಿಕೊಂಡ ಒಪ್ಪಂದ ಇದು. ಯಂತ್ರ ಸರಿಯಿದೆಯೇ ಎಂದು ನೋಡಲು ದಿನಾ ಬೆಳಗ್ಗೆ ಅದರ ಹತ್ತಿರ ಯಾರಾದರೂ ಜಿಗಿಯಬೇಕು. ಇಲ್ಲಿ ಆ ಕೆಲಸ ಇವರದು. ಬೀದಿಯ ಮಕ್ಕಳ ಬಾಯಲ್ಲಿ ಇವರು ಜಿಗಿಯತ್ತೆ.

ಅಲ್ಲಿ ಜಿಗಿಯುವ ಕಾವಲುಗಾರ್ತಿಯನ್ನು ಇವರು 'ಆಚೆಯಕ್ಕ' ಎನ್ನುತ್ತಾರೆ. ದೇಶ ಎರಡಾದರೂ ಇಬ್ಬರ ಮಾತು ಒಂದೇ. ದಿನಾ ಫೋನು, ಸೊಸೆಯ ಮೇಲಿನ ದೂರಿನಿಂದ ಹಿಡಿದು ಮಂಡಿನೋವಿನ ಎಣ್ಣೆಯವರೆಗೆ. ಮುಖಾಮುಖಿ ಮಾತ್ರ ಒಮ್ಮೆಯೂ ಆಗಿಲ್ಲ. ಆಚೆಯಕ್ಕನ ಮಂಡಿ ಹೋಗಿದೆ. ಎರಡು ಜಿಗಿತ ಜೋರು, ಮೂರನೆಯದು ನಾಮಕಾವಸ್ತೆ. ಅಲ್ಲಿನ ಇಂಜಿನಿಯರ್ ಒಮ್ಮೆ ಗೊಣಗಿದ್ದಕ್ಕೆ "ಹಾಗಾದ್ರೆ ನೀನೇ ಬಂದು ಹಾರಪ್ಪ" ಎಂದಳಂತೆ. ಅಂದಿನಿಂದ ಆತ ಗಪ್‌ಚಿಪ್.

ಜಿಗಿಯುವುದೊಂದೇ ಕೆಲಸವಲ್ಲ. ಗುಂಡಿಯ ನೀರು ತೋಡಬೇಕು, ತಂತಿ ಕಡಿಯುವ ಇಲಿಗಳನ್ನು ಓಡಿಸಬೇಕು, ಬ್ಯಾಟರಿ ಒರೆಸಬೇಕು. ಪಕ್ಕದ ಕಲ್ಲುಕ್ವಾರಿಯವರು ಸಿಡಿಮದ್ದು ಹಚ್ಚುವ ಮುಂಚೆ ಆಚೆಗೆ ಫೋನು ಮಾಡಿ ಹೇಳಬೇಕು, ಇಲ್ಲದಿದ್ದರೆ ಅಲ್ಲಿ ಅನುಮಾನ ಹುಟ್ಟುತ್ತದೆ. ಭಾರದ ಗಾಡಿ ಹತ್ತಿರ ಬಂದರೂ ಗೆರೆ ನಡುಗುತ್ತದೆ, ಹಾಗಾಗಿ ಲಾರಿ ಓಡಿಸುವ ಗಂಡನಿಗೂ ವಿನಾಯಿತಿ ಇಲ್ಲ; ಮನೆ ಇಲ್ಲೇ ಪಕ್ಕದಲ್ಲಿ. "ನನ್ನ ಲಾರಿ ಊರೆಲ್ಲಾ ಸುತ್ತುತ್ತೆ, ಮನೆ ಬಾಗ್ಲಿಗೆ ಮಾತ್ರ ಬರೋ ಹಾಗಿಲ್ಲ," ಎಂದು ಅವರು ನನ್ನೆದುರು ಅಲವತ್ತುಕೊಳ್ಳುತ್ತಾರೆ.

ಹೋದ ತಿಂಗಳು ಒಂದು ಮಧ್ಯಾಹ್ನ ಪರದೆಯ ಎರಡೂ ಗೆರೆಗಳು ಹುಚ್ಚೆದ್ದು ಕುಣಿದವು. "ಮೊದ್ಲು ಅವರದ್ದು, ಆಮೇಲೆ ನಮ್ದು. ಅಂದ್ರೆ ಅವರಿಗೇ ಹತ್ರ. ತಕ್ಷಣ ಅಕ್ಕಂಗೆ ಫೋನ್ ಹಚ್ಚಿದೆ." ಆಗಲೇ ನಮ್ಮ ಟೀವಿಯವರು, ಆಚೆಯವರೇ ಬಾಂಬ್ ಸಿಡಿಸಿದರೆಂದು ಗಂಟಲು ಹರಿದುಕೊಳ್ಳುತ್ತಿದ್ದರು. ಎರಡು ದೇಶಗಳ ಇಂಜಿನಿಯರುಗಳು ಎರಡೂ ಗೆರೆಗಳನ್ನು ಮುಂದಿಟ್ಟುಕೊಂಡು ಮಾತಾಡಿ, ಸಂಜೆಯೊಳಗೆ ಒಟ್ಟಿಗೇ ಹೇಳಿದರು: ತುಂಬಾ ಆಳದಲ್ಲಾದ ಭೂಕಂಪ ಇದು, ಬಾಂಬ್ ಅಲ್ಲ. ಎರಡೂ ದೇಶಗಳು ನಿಟ್ಟುಸಿರು ಬಿಟ್ಟವು.

"ನಮ್ಮ ಇಂಜಿನಿಯರ್ ಸಾಹೇಬ್ರು ಫೋನ್ ಮಾಡಿ 'ಬದುಕಿದ್ವಿ ಕಣಮ್ಮಾ' ಅಂದ್ರು. ನಾವು ಬದುಕಿದ್ವಿ ಸರಿ, ನಮ್ಮಕ್ಕ? ಅಂದೆ."

ಆಚೆಯ ಫೋನುಗಳೆಲ್ಲ ಸತ್ತಿದ್ದವು. ಅಲ್ಲಿನ ಯಂತ್ರ ಮಾತ್ರ ಬ್ಯಾಟರಿಯ ಮೇಲೆ ಗೆರೆ ಎಳೆಯುತ್ತಲೇ ಇತ್ತು, ಒಂದರ ಹಿಂದೊಂದು ಮರುಕಂಪನ. ಗಂಡ ತಂದಿಟ್ಟ ಊಟ ತಣ್ಣಗಾಯಿತು. ಬೆಳಗಾಯಿತು. ಇವರು ತಮ್ಮ ಮೂರು ಜಿಗಿತ ಮುಗಿಸಿ ಪರದೆಯ ಮುಂದೆ ಬಂದು ಕೂತರು. ಆಚೆಯ ಜಿಗಿತದ ಹೊತ್ತು ಮೀರಿತು. ಮರುಕಂಪನಗಳೂ ನಿಂತು, ಆ ಗೆರೆ ಸುಮ್ಮನೆ ಮಲಗಿತ್ತು.

"ಗಂಡ 'ಬಾ, ಮನೆಗೆ ಹೋಗೋಣ' ಅಂದ್ರು. ಎದ್ದೆ ಕೂಡ. ಅಷ್ಟೊತ್ಗೆ ಗೆರೆ ಎದ್ದೇ ಬಿಡ್ತು ನೋಡಿ! ಒಂದು ಜೋರು. ಇನ್ನೊಂದು ಜೋರು. ಅಯ್ಯೋ ದೇವ್ರೇ, ಇನ್ನೊಂದು ಬರ್ಲಿ ಅಂತ ಕಾದೆ. ಬಂತು, ಪುಸಕ್ ಅಂತ. ಅವಳೇ! ಗಂಡನ್ನ ಹಿಡ್ಕೊಂಡು ಗೊಳೋ ಅಂತ ಅತ್ತುಬಿಟ್ಟೆ."

ಫೋನು ಸರಿಹೋದ ಮೇಲೆ ಆಚೆಯಕ್ಕನ ಮೊದಲ ಮಾತು ಬೈಗುಳವೇ ಆಗಿತ್ತಂತೆ: "ಮನೆ ಗೋಡೆ ಬಿದ್ದಿದೆ, ಎಲ್ರೂ ಬಯಲಲ್ಲಿದ್ವಿ. ನೀನು ಅಲ್ಲಿ ಉಪವಾಸ ಕೂತಿರ್ತೀಯ ಅಂತ ಗೊತ್ತಿತ್ತು ಕಣೇ. ಅದಕ್ಕೇ ಕುಂಟ್ಕೊಂಡು ಅಷ್ಟು ದೂರ ಹೋಗಿ ಹಾರ್ಬೇಕಾಯ್ತು."

ಇವತ್ತೂ ನನ್ನ ಮಾತಿಗೆ ಅರ್ಧ ಕಿವಿ ಕೊಟ್ಟು, ಕಣ್ಣನ್ನು ಪರದೆಯಲ್ಲೇ ನೆಟ್ಟಿದ್ದಾರೆ. ಎರಡು ದಪ್ಪ ಗೀಟು, ಒಂದು ಸಣ್ಣದು ಮೂಡುತ್ತವೆ. ಆಮೇಲಷ್ಟೇ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ನನಗೂ ಚಹಾ ಬಗ್ಗಿಸುತ್ತಾರೆ.

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಸಂಬಳ, ಪಿಂಚಣಿ ಎನ್ನುತ್ತಾರೇನೋ ಎಂದು ನನ್ನ ಲೆಕ್ಕ.

"ಒಂದೇ ಒಂದ್ಸಲ ಅಲ್ಲಿಗೆ ಹೋಗ್ಬೇಕು," ಎನ್ನುತ್ತಾರೆ. "ಅವಳ ಪಕ್ಕದಲ್ಲಿ ನಿಂತು, ಆ ಮೂರನೇದನ್ನ ನಾನು ಹಾರ್ಕೊಡ್ಬೇಕು. ಅವಳು ಆರಾಮಾಗಿ ಕೂತು ನೋಡ್ಲಿ."