ಚಿಕ್ಕೋಡಿಯ ಬ್ಯಾನರಿನಲ್ಲಿ ನಾನು

ಪುಣೆಯಲ್ಲಿ ನನಗೆ ಸಿಕ್ಕಿದ್ದು ಮನೆಯಲ್ಲ, ಕೋಣೆಯೂ ಅಲ್ಲ, ಒಂದು ಮಂಚ. ಇಲ್ಲಿ ಇದಕ್ಕೆ ‘ಕಾಟ್ ಬೇಸಿಸ್’ ಅನ್ನುತ್ತಾರೆ. ನಾಲ್ವರು ಹುಡುಗಿಯರ ಕೋಣೆಯಲ್ಲಿ ಒಂದು ಮಂಚ ಮಾತ್ರ ನಮ್ಮದು, ಅದರ ಕೆಳಗೆ ನಮ್ಮ ಟ್ರಂಕು. ಚಿಕ್ಕೋಡಿ ಹತ್ತಿರದ ನಮ್ಮೂರು ಕಬ್ಬೂರಿನ ಮನೆಯ ಪಡಸಾಲೆಯಲ್ಲಿ ಇಪ್ಪತ್ತು ಮಂದಿ ಸಾಲಾಗಿ ಮಲಗಬಹುದು. ಆದರೂ ಮೊದಲ ವಾರ ನನಗೆ ಆ ಮಂಚವೇ ಸಿಂಹಾಸನ. ಭೌತಶಾಸ್ತ್ರದ ಎಂ.ಎಸ್ಸಿ. ಸೇರಿದ್ದೆನಲ್ಲ! ನಾನು ಬಿ.ಎಸ್ಸಿ. ಓದಿದ ಚಿಕ್ಕೋಡಿಯ ಕಾಲೇಜಿನಿಂದ ನಮ್ಮ ಗಣಿತದ ಸರ್ ಫೋನ್ ಮಾಡಿ, ಬ್ಯಾನರಿಗೆ ಹಾಕಲು ಫೋಟೋ ಕೇಳಿದರು. ನಗುತ್ತಿರುವ ಫೋಟೋ ಆರಿಸಿ ಕಳಿಸಿದೆ.

ಎರಡನೇ ವಾರ ಜಂಬ ಇಳಿಯಿತು. ಪ್ರಾಧ್ಯಾಪಕರು ಬೋರ್ಡಿನ ಮೇಲೆ ಮೂರು ಸಾಲಿನ ಮ್ಯಾಟ್ರಿಕ್ಸ್ ಬರೆದು ಐಗನ್ ವ್ಯಾಲ್ಯೂ ತೆಗೆಯಲು ಹೇಳಿದರು. “ಸೋಪ್ಪಂ ಆಹೆ” ಎಂದೂ ಸೇರಿಸಿದರು. ಸುಲಭವಿದೆ ಎಂದರ್ಥ. ತರಗತಿಯೆಲ್ಲ ತಲೆ ಬಗ್ಗಿಸಿ ಬರೆಯತೊಡಗಿತು. ಆ ಹೆಸರು ನನ್ನ ಕಿವಿಗೆ ಬಿದ್ದಿತ್ತು, ತೆಗೆಯುವುದು ಮಾತ್ರ ಗೊತ್ತಿರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಸಾತಾರಾದ ಹುಡುಗಿ ಮರಾಠಿಯಲ್ಲಿ, ಬಿ.ಎಸ್ಸಿ.ಯಲ್ಲಿ ಇರಲಿಲ್ಲವೇ ಎಂದು ಕೇಳಿದಳು.

ಇತ್ತು. ಕೊನೆಯ ವರ್ಷ ಎರಡು ಗಣಿತ ಪತ್ರಿಕೆಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು. ಐಗನ್ ವ್ಯಾಲ್ಯೂ ಬರುವುದು ಲೀನಿಯರ್ ಆಲ್ಜೀಬ್ರಾದಲ್ಲಿ; ನಾನು ಅರ್ಜಿಯಲ್ಲಿ ಅದನ್ನೇ ಬರೆದುಕೊಂಡು ಸರ್ ಹತ್ತಿರ ಹೋಗಿದ್ದೆ. ಮುಂದೆ ಭೌತಶಾಸ್ತ್ರ ಓದುತ್ತೇನೆ ಎಂದೂ ಹೇಳಿದ್ದೆ.

“ಅದು ಬ್ಯಾಡವಾ ತಂಗಿ. ತಲಿ ಕೆಡಸ್ತೈತಿ, ಮಾರ್ಕ್ಸ್ ಬರಂಗಿಲ್ಲ” ಎಂದಿದ್ದರು. “ಸ್ಪರ್ಧಾ ಪರೀಕ್ಷಾದ ಗಣಿತ ತಗೊ. ಎಂ.ಎಸ್ಸಿ.ಗೂ ಅದ ನಡೀತೈತಿ.”

ರೈಲಿನ ವೇಗ, ನಲ್ಲಿಯ ನೀರು, ಕೂಲಿಯ ದಿನ. ಇವುಗಳಲ್ಲಿ ತೊಂಬತ್ತಾರು ಅಂಕ ಬಂತು. ನಮ್ಮಪ್ಪ ಊರಿಗೆಲ್ಲ ಪೇಢೆ ಹಂಚಿದ. ಪ್ರವೇಶ ಪರೀಕ್ಷೆಯನ್ನು ಭೌತಶಾಸ್ತ್ರದ ಬಲದಿಂದ ಹೇಗೋ ದಾಟಿದೆ. ದಾಟಿದ ಮೇಲೆ ಮುಳುಗಿದೆ.

ಇಲ್ಲಿಯ ಖಾನಾವಳಿಯಲ್ಲಿ ಭಾಕರಿ ಸಿಗುತ್ತದೆ, ನಮ್ಮ ರೊಟ್ಟಿಗಿಂತ ದಪ್ಪ, ತಿನ್ನಬಹುದು. ಭಾಷೆಯದೇ ಪೇಚು. ನಮ್ಮ ಗಡಿಯ ನಿಪ್ಪಾಣಿ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಕನ್ನಡ ಅರ್ಧ ಮರಾಠಿ ಮಾತಾಡಿದರೆ ಯಾರೂ ತಿರುಗಿ ನೋಡುವುದಿಲ್ಲ. ಇಲ್ಲಿ ಬಾಯಿ ತೆರೆದರೆ ಸಾಕು, ಯಾವೂರು ಎಂದು ಕೇಳುತ್ತಾರೆ. ಹೀಗಾಗಿ ತರಗತಿಯಲ್ಲಿ ಸಂದೇಹ ಕೇಳುವುದನ್ನೇ ಬಿಟ್ಟೆ. ಊರಿಗೆ ಫೋನ್ ಮಾಡಿದಾಗ ಎಲ್ಲ ಚೆನ್ನಾಗಿದೆ ಎನ್ನುತ್ತಿದ್ದೆ.

ದೀಪಾವಳಿಗೆ ಊರಿಗೆ ಬಂದವಳು ಚಿಕ್ಕೋಡಿಯ ಕಾಲೇಜಿಗೆ ಹೋದೆ. ಗೇಟಿನ ಮೇಲೆ ಆಳೆತ್ತರದ ನಾನು. ಕೆಳಗೆ ಬರೆಸಿದ್ದರು: ‘ಸರಿಯಾದ ಗಣಿತ, ಸರಿಯಾದ ದಾರಿ.’ ನೇರ ಸರ್ ಕೋಣೆಗೆ ನಡೆದೆ. ಸರ್ ಚಹಾ ತರಿಸಿದರು. ಆ ಪೇಪರ್ ಯಾಕೆ ಬಿಡಿಸಿದಿರಿ ಎಂದು ನೇರವಾಗಿಯೇ ಕೇಳಿದೆ.

ಸರ್ ಚಹಾವನ್ನು ಬಸಿಗೆ ಸುರಿದುಕೊಂಡರು. “ಖರೆ ಹೇಳ್ಲೇನವಾ? ಅದನ್ನ ಕಲಿಸಿ ಭಾಳ ವರ್ಷ ಆತು. ಪೂರಾ ಮರತೀನಿ. ನಿಮ್ಮ ಮುಂದ ಬೋರ್ಡಿಗೆ ನಿಂತು ತಡವರಿಸಿದ್ರ ನನ್ನ ಮರ್ಯಾದಿ ಏನ್ ಉಳೀತಿತ್ತು?”

“ಮತ್ತ ನನ್ನ ಗತಿ ಏನ್ರಿ ಸರ್?”

“ನೀ ಶ್ಯಾಣ್ಯಾಕಿ. ಹೆಂಗರ ಕಲೀತಿ.”

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರಬೇಕು? ಆ ಬ್ಯಾನರನ್ನಾದರೂ ತೆಗೆಸಿರಿ ಎಂದೆ. “ಇರ್ಲಿ ಬಿಡವಾ, ಹುಡುಗೂರಿಗೆ ಹುರುಪ ಬರ್ತೈತಿ” ಎಂದರು. ಚಹಾ ಕುಡಿಯದೆ ಎದ್ದು ಬಂದೆ. ಮೂರು ವರ್ಷ ಕಂಡಲ್ಲೆಲ್ಲ ಕಾಲು ಮುಟ್ಟಿದ ಮನುಷ್ಯನಿಗೆ ಆ ದಿನ ನಮಸ್ಕಾರವನ್ನೂ ಹೇಳಲಿಲ್ಲ.

ಮೊದಲ ಸೆಮಿಸ್ಟರಿನ ಗಣಿತದಲ್ಲಿ ನಪಾಸಾದೆ. ಇಲ್ಲಿ ‘ಎಟಿಕೆಟಿ’ ಎನ್ನುವುದೊಂದಿದೆ, ಒಂದು ವಿಷಯ ಹೋದರೂ ಮುಂದಿನ ತರಗತಿಯಲ್ಲಿ ಕೂರಲು ಬಿಡುತ್ತಾರೆ. ಸಾತಾರಾದ ಹುಡುಗಿಯ ಹಳೆಯ ನೋಟ್‌ಬುಕ್ ಇಸಿದುಕೊಂಡು ಮಂಚದ ಮೇಲೆ ಕುಳಿತು ಮೊದಲಿನಿಂದ ಕಲಿತೆ. ಮರುಪರೀಕ್ಷೆಯಲ್ಲಿ ಪಾಸಾಗಲು ಬೇಕಾದಷ್ಟೇ ಅಂಕ ಬಂತು. ಆ ತೊಂಬತ್ತಾರಕ್ಕಿಂತ ಇದೇ ನನ್ನದು ಅನ್ನಿಸಿತು. ಅವತ್ತು ಇಬ್ಬರೂ ಮಿಸಳ್ ತಿಂದು ಬಂದೆವು.

ಕಳೆದ ವಾರ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

“ಅಕ್ಕಾರ, ಬ್ಯಾನರ್‌ನ್ಯಾಗ ಇರಾಕಿ ನೀವ ಅಲ್ರಿ? ನಾ ಚಿಕ್ಕೋಡಿ ಕಾಲೇಜಿನಾಕಿ. ಸರ್ ನಂಬರ್ ಕೊಟ್ರು. ನಾನೂ ಪುಣೆಕ್ಕ ಬರಾಕಿರಿ, ಎಂ.ಎಸ್ಸಿ. ಮಾಡಾಕ.”

“ಹಂಗಿದ್ರ ಲೀನಿಯರ್ ಆಲ್ಜೀಬ್ರಾ ತಗೋ. ಸರ್ ಏನರ ಅನ್ಲಿ, ಕೇಳಬ್ಯಾಡ” ಎಂದೆ, ಉಸಿರು ಬಿಡದೆ.

“ಈಗ ಹೆಂಗ್ರಿ ಅಕ್ಕಾರ? ನೀವು ತಗೊಂಡಿದ್ದ ಸ್ಪರ್ಧಾ ಪರೀಕ್ಷಾದ ಪೇಪರನ್ನ ಬರಕೊಟ್ಟೀವಲ್ರಿ, ಕ್ಲಾಸಿನಾಗಿನ ಎಲ್ಲಾರೂ. ನಿಮ್ಮ ಫೋಟೋ ನೋಡೇ ಧೈರ್ಯ ಬಂತ್ರಿ. ಥ್ಯಾಂಕ್ಸ್ ಹೇಳಾಕ ಫೋನ್ ಮಾಡೀನ್ರಿ.”

ಬದಲಿಸಲು ಬರುತ್ತದೆಯೇ ಎಂದು ಕೇಳಿದೆ. ತಾರೀಖು ಮುಗಿದಿತ್ತು.

ಪುಣೆಯಲ್ಲಿ ನಾನು ಇನ್ನೂ ಮಂಚದಷ್ಟೇ ಜಾಗದವಳು, ಚಿಕ್ಕೋಡಿ ಕಡೆಯ ಹುಡುಗಿ. ಚಿಕ್ಕೋಡಿಯಲ್ಲಾದರೆ ಆಳೆತ್ತರ ನಿಂತಿದ್ದೇನೆ. ಸರ್ ಸುಳ್ಳು ಹೇಳಿದ್ದು ನನ್ನೊಬ್ಬಳಿಗೆ. ನಾನು ಗೇಟಿನ ಮೇಲೆ ನಿಂತು, ನಗುನಗುತ್ತ, ಬಂದವರಿಗೆಲ್ಲ ಹೇಳುತ್ತಿದ್ದೇನೆ.